ಕವಿತೆ ಓದುವ ಕ್ರಮ: ಅರ್ಥವನ್ನು ಕೊನೆಗೆ ಕೇಳಿ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯ ಹಜಾರದಲ್ಲಿ ತಿಂಗಳ ಎರಡನೆಯ ಭಾನುವಾರ ಹತ್ತು ಹನ್ನೆರಡು ಮಂದಿ ಕವಿತೆ ಓದಲು ಸೇರುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಹೋಟೆಲು ನಡೆಸುವವರಿದ್ದಾರೆ, ಮನೆಯೊಳಗೆ ತುಳುವನ್ನೋ ಕೊಂಕಣಿಯನ್ನೋ ಆಡಿ, ಹೊರಗೆ ಮರಾಠಿ ಆಡಿ, ಕನ್ನಡವನ್ನು ಓದಿಗೆ ಮಾತ್ರ ಉಳಿಸಿಕೊಂಡವರೂ ಇದ್ದಾರೆ. ಹೊಸದಾಗಿ ಬರುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಊರಿಗೆ ಹೋದಾಗ ಯಾವುದೋ ದೊಡ್ಡ ಕವಿಯ ಸಮಗ್ರ ಕಾವ್ಯವನ್ನು ಕೊಂಡು ತರುತ್ತಾರೆ, ಒಂದೇ ಸಂಜೆ ನಾಲ್ಕೈದು ಕವಿತೆಗಳನ್ನು ಪತ್ರಿಕೆ ಓದಿದ ಹಾಗೆ ಕಣ್ಣಿನಲ್ಲೇ ಓದಿ ಮುಗಿಸುತ್ತಾರೆ, ಪ್ರತಿಯೊಂದರ ಕೊನೆಗೂ "ಇದರ ಅರ್ಥವೇನು?" ಎಂದು ಕೇಳಿಕೊಂಡು, ಉತ್ತರ ಹೊಳೆಯದೆ, ಪುಸ್ತಕವನ್ನು ಕಪಾಟಿಗೆ ಸೇರಿಸಿ, ಕವಿತೆ ತಮ್ಮ ತಲೆಗೆ ಹತ್ತುವುದಿಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಅವರ ತಲೆಗೆ ಏನೂ ಆಗಿಲ್ಲ. ಕೊನೆಗೆ ಕೇಳಬೇಕಾದ ಪ್ರಶ್ನೆಯನ್ನು ಮೊದಲು ಕೇಳಿದ್ದಾರೆ, ಅಷ್ಟೆ.

ಕೆಳಗಿನ ಹಂತಗಳು ಇದೇ ಕ್ರಮದಲ್ಲಿ ನಡೆಯಬೇಕು. ಮೊದಲು ಬಾಯಿ, ಆಮೇಲೆ ಕಿವಿ, ಆಮೇಲೆ ಪದ ಮತ್ತು ಲಯ, ಎಲ್ಲಕ್ಕೂ ಕೊನೆಯಲ್ಲಿ ಅರ್ಥ. ಒಂದು ಕವಿತೆಗೆ ಏಳು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಎಂದು ಇಟ್ಟುಕೊಳ್ಳಿ.

ಕೈಗೆ ಬೇಕಾದ ಸಾಮಾನು

ಒಂದು ಗೆರೆಯ ನೋಟುಪುಸ್ತಕ, ಒಂದು ಪೆನ್ಸಿಲ್, ಒಂದು ನಿಘಂಟು. ಪೆನ್ನಿನ ಬದಲು ಪೆನ್ಸಿಲ್ ಏಕೆಂದರೆ ಎರಡನೆಯ ದಿನ ಹಾಕಿದ ಗುರುತು ಐದನೆಯ ದಿನ ತಪ್ಪೆಂದು ತಿಳಿಯುವುದು ಸಾಮಾನ್ಯ. ದಿನಬಳಕೆಗೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ಕನ್ನಡ ನಿಘಂಟು ಸಾಕಾಗುತ್ತದೆ. ಹಳೆಯ ಪದಗಳಿಗೆ 1894ರಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟು ಇಂದಿಗೂ ಕೈಕೊಡುವುದಿಲ್ಲ. ಅದರಲ್ಲಿ ಅರ್ಥಗಳು ಇಂಗ್ಲಿಷಿನಲ್ಲಿವೆ, ಅದು ಮುಂಬಯಿಯಲ್ಲಿ ಇಂಗ್ಲಿಷ್ ಶಾಲೆಗೆ ಹೋದವರಿಗೆ ಅನುಕೂಲವೇ. ವಚನಗಳನ್ನು ಓದುವವರಿಗೆ ಅಂತರ್ಜಾಲದ 'ವಚನ ಸಂಚಯ' ಬಲು ಉಪಯುಕ್ತ: ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನಗಳಲ್ಲಿ ಬಂದಿದೆಯೆಂದು ತೋರಿಸುತ್ತದೆ, ಮತ್ತು ನಾಲ್ಕು ಕಡೆಯ ಬಳಕೆಯನ್ನು ಒಟ್ಟಿಗೆ ನೋಡಿದಾಗ ನಿಘಂಟು ಹೇಳದ ಛಾಯೆಯೂ ಕಾಣಿಸುತ್ತದೆ.

ನೋಟುಪುಸ್ತಕಕ್ಕೆ ಕವಿತೆಯನ್ನು ಕೈಯಾರೆ ನಕಲು ಮಾಡಿಕೊಳ್ಳಬೇಕು. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಈ ಕೆಲಸ ಮುಗಿಯುವುದಿಲ್ಲ. ಬರೆಯುವಾಗ ಕೈ ನಿಧಾನವಾಗುತ್ತದೆ, ಕಣ್ಣು ಹಾರಿಸಿದ ಪ್ರತ್ಯಯವನ್ನು ಕೈ ಹಾರಿಸಲಾರದು. ಎಡ ಪುಟದಲ್ಲಿ ಕವಿತೆ, ಬಲ ಪುಟ ಖಾಲಿ, ಸಾಲುಗಳ ನಡುವೆ ಒಂದು ಗೆರೆ ಬಿಡುವು.

ಹಂತ 1: ಕವಿತೆಯನ್ನು ಆರಿಸುವುದು

ಮೊದಲ ಮೂರು ತಿಂಗಳು ಇಪ್ಪತ್ತು ಸಾಲಿಗಿಂತ ಉದ್ದದ ಕವಿತೆ ಬೇಡ, ಸಮಗ್ರ ಸಂಪುಟವೂ ಬೇಡ. ತೆಳ್ಳಗಿನ ಸಂಕಲನ ಅಥವಾ ಹಲವು ಕವಿಗಳ ಆಯ್ದ ಕವಿತೆಗಳ ಪುಸ್ತಕ ಒಳ್ಳೆಯದು. ಪುಸ್ತಕವನ್ನು ಮೂರು ಕಡೆ ತೆರೆದು, ತೆರೆದಲ್ಲಿ ಎರಡು ಸಾಲನ್ನು ತುಟಿಯಲ್ಲಿ ಓದಿ ನೋಡಿ. ಬಾಯಿಗೆ ಇನ್ನೊಮ್ಮೆ ಬೇಕೆನಿಸಿದ್ದನ್ನು ಆರಿಸಿ, ವಿಷಯ ಏನೆಂದು ನೋಡಲು ಹೋಗಬೇಡಿ.

ಪ್ರಶಸ್ತಿಯನ್ನು ನೋಡಿ ಆರಿಸುವುದು ನಾನು ಕಂಡಿರುವ ದೊಡ್ಡ ತಪ್ಪು. ಬೇಂದ್ರೆಯವರಿಗೆ 1973ರಲ್ಲಿ ಜ್ಞಾನಪೀಠ ಬಂದದ್ದು 'ನಾಕುತಂತಿ'ಗೆ ಎಂದು ತಿಳಿದವರು ನೇರವಾಗಿ 1964ರ ಆ ಸಂಕಲನವನ್ನೇ ಹಿಡಿಯುತ್ತಾರೆ. ಅದು ಕವಿಯ ಕೊನೆಯ ಘಟ್ಟದ, ಸಂಖ್ಯೆಯೂ ತತ್ತ್ವವೂ ಹೆಣೆದುಕೊಂಡ ಪುಸ್ತಕ. ಮೊದಲ ದಿನವೇ ಅಲ್ಲಿಗೆ ಹೋದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಅದೇ ಕವಿಯ 1932ರ 'ಗರಿ'ಯಿಂದ ಹೊರಟವರಿಗೆ ಆ ಪಾಡು ಬರುವುದಿಲ್ಲ.

ಮುಂಬಯಿಯಲ್ಲಿ ಕನ್ನಡ ಪುಸ್ತಕ ಸಿಗುವುದಿಲ್ಲ ಎಂಬ ನೆಪ ಅರ್ಧ ನಿಜ. ಅಂಗಡಿಗಳು ವಿರಳ, ಆದರೆ ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹೀಮಿನ ಕರ್ನಾಟಕ ಸಂಘ, ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವುಗಳ ಸಾಹಿತ್ಯ ಕಾರ್ಯಕ್ರಮಗಳಿಗೆ ಹೋದರೆ ಪುಸ್ತಕವಿರುವ ಮನೆಗಳ ಪರಿಚಯವಾಗುತ್ತದೆ. ನಮ್ಮ ಗುಂಪಿನ ಅರ್ಧ ಪುಸ್ತಕಗಳು ಹೀಗೆ ಎರವಲು ಬಂದವು, ಕೆಲವು ಇನ್ನೂ ಹಿಂದಿರುಗಿಲ್ಲ.

ಅನುವಾದಿತ ಕವಿತೆಗಳನ್ನು ಸದ್ಯಕ್ಕೆ ಬದಿಗಿಡಿ. ಕಿವಿ ಪಳಗುವವರೆಗೆ ಕನ್ನಡದಲ್ಲೇ ಹುಟ್ಟಿದ ಸಾಲು ಬೇಕು.

ಹಂತ 2: ಗಟ್ಟಿಯಾಗಿ ಮೂರು ಸಲ

ಮೊದಲ ದಿನ ಮಾಡಬೇಕಾದ್ದು ಇಷ್ಟೇ: ಕವಿತೆಯನ್ನು ಧ್ವನಿ ತೆಗೆದು ಮೂರು ಸಲ ಓದುವುದು. ಒಂದನೆಯ ಸಲ ಸಾಲು ಮುರಿದಲ್ಲೆಲ್ಲ ನಿಲ್ಲಿಸಿ. ಎರಡನೆಯ ಸಲ ಸಾಲನ್ನು ಮರೆತು ವಾಕ್ಯ ಮುಗಿದಲ್ಲಿ ಮಾತ್ರ ನಿಲ್ಲಿಸಿ. ಮೂರನೆಯ ಸಲ ಇವೆರಡರ ನಡುವೆ ನಿಮ್ಮ ಉಸಿರು ಎಲ್ಲಿ ನಿಲ್ಲಬಯಸುತ್ತದೆಯೋ ಅಲ್ಲಿ ಪೆನ್ಸಿಲಿನಿಂದ ಒಂದು ಓರೆಗೆರೆ ಹಾಕಿ. ಸಾಲು ಒಂದು ಕಡೆ, ವಾಕ್ಯ ಇನ್ನೊಂದು ಕಡೆ ಎಳೆಯುವ ಜಾಗಗಳೇ ಮುಂದೆ ಹೆಚ್ಚು ಕೆಲಸಕ್ಕೆ ಬರುತ್ತವೆ.

ಎರಡು ಓದುಗಳೂ ಏಕೆ ಬೇಕೆಂಬುದಕ್ಕೆ ಕುಮಾರವ್ಯಾಸ ಭಾರತದ ಮೊದಲ ಪದ್ಯದ ಆರಂಭವನ್ನು ನೋಡಿ:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರದಾತಾರ

ಸಾಲಿನ ಕೊನೆಯಲ್ಲಿ ನಿಂತರೆ "ವಿಮಲರಾ" ಎಂಬ ಇಲ್ಲದ ಪದವೊಂದು ಹುಟ್ಟುತ್ತದೆ. ನಿಜವಾಗಿ ಅಲ್ಲಿರುವುದು "ರಾಜೀವಪೀಠ", ಎಂದರೆ ಕಮಲದ ಮೇಲೆ ಕುಳಿತ ಬ್ರಹ್ಮ. ಅವನ ತಂದೆ ವಿಷ್ಣು. ಹಾಗೆಯೇ "ಜಗಕತಿ" ಎಂದು ನಿಂತದ್ದು ಮುಂದಿನ ಸಾಲಿನ "ಪಾವನನೆ"ಯನ್ನು ಕೂಡಿಕೊಂಡು ಜಗಕ್ಕೆ ಅತಿಪಾವನನೆ ಎಂದಾಗುತ್ತದೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ 'ವ' ಬರಬೇಕೆಂಬ ಪ್ರಾಸದ ಕಟ್ಟಿಗೆ ಪದ ಹೀಗೆ ಎರಡು ಸಾಲುಗಳಿಗೆ ಹರಿದುಕೊಂಡಿದೆ. ಒಂದು ಸಂಘದ ವೇದಿಕೆಯಲ್ಲಿ, ಬಹಳ ಹಿಂದೆ, ನಾನು ಇದೇ ಪದ್ಯವನ್ನು "ವಿಮಲರಾ..." ಎಂದು ಕೈಯೆತ್ತಿ ಎಳೆದು ಓದಿದ್ದೆ, ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಚಹಾದ ಹೊತ್ತಿಗೆ ನನ್ನ ಬಳಿ ಬಂದು, "ಆ ವಿಮಲರಾಯರು ಯಾರು ಮಾರಾಯರೆ?" ಎಂದು ಕೇಳಿದರು.

ವಚನಗಳ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಎಚ್ಚರ ಬೇಕು. ತಾಳೆಗರಿಗಳಲ್ಲಿ ವಚನಗಳು ಸಾಲು ಮುರಿಯದೆ ಒಂದೇ ಓಟದಲ್ಲಿವೆ. ಇಂದು ನಾವು ಕಾಣುವ ಸಾಲುಗಳು ಸಂಪಾದಕರು ಮಾಡಿಕೊಟ್ಟವು. ಆದ್ದರಿಂದ ವಚನದಲ್ಲಿ ಸಾಲು ಮುರಿದ ಜಾಗಕ್ಕೆ ವಿಶೇಷ ಅರ್ಥ ಹುಡುಕುವುದು ವ್ಯರ್ಥ. ಅಲ್ಲಿ ವಾಕ್ಯದ ಬಾಗು, ಅಂಕಿತ (ವಚನಕಾರರು ತಮ್ಮ ಗುರುತಾಗಿ ಬಳಸುವ ದೇವರ ಹೆಸರು) ಬೀಳುವ ಜಾಗ ಇವನ್ನೇ ಹಿಡಿಯಬೇಕು.

ಹಾಡಾಗಿ ಪ್ರಸಿದ್ಧವಾದ ಕವಿತೆಯನ್ನು ಓದುವಾಗ ರಾಗ ಅಡ್ಡ ಬರುತ್ತದೆ. ಹಾಡುಗಾರ ತನ್ನ ಧಾಟಿಗೆ ಬೇಕಾದ ಕಡೆ ಅಕ್ಷರವನ್ನು ಎಳೆಯುತ್ತಾನೆ, ಪಲ್ಲವಿಯನ್ನು ಮರಳಿಸುತ್ತಾನೆ, ಎಷ್ಟೋ ಸಲ ಒಂದೆರಡು ನುಡಿಗಳನ್ನೇ (ಪದ್ಯಭಾಗಗಳನ್ನೇ) ಬಿಟ್ಟಿರುತ್ತಾನೆ. ರಾಗವನ್ನು ಬಿಡಿಸಿಕೊಳ್ಳಲು ಒಂದು ಉಪಾಯವಿದೆ: ಕೊನೆಯ ನುಡಿಯಿಂದ ಆರಂಭಿಸಿ ಹಿಂದಕ್ಕೆ ಒಂದೊಂದೇ ನುಡಿ ಓದಿ. ಮೂರು ದಿನ ಹೀಗೆ ಓದಿದ ಮೇಲೂ ರಾಗವೇ ಕೇಳುತ್ತಿದ್ದರೆ ಆ ಕವಿತೆಯನ್ನು ಬಿಟ್ಟು ಬೇರೆಯದನ್ನು ಆರಿಸಿ.

ಗಟ್ಟಿಯಾಗಿ ಓದಲು ಜಾಗವೆಲ್ಲಿ ಎಂಬ ಪ್ರಶ್ನೆ ಈ ಊರಿನಲ್ಲಿ ಸಣ್ಣದಲ್ಲ. ಗೋಡೆಯಾಚೆಗೆ ನೆರೆಯವರ ಕುಕ್ಕರು ಕೂಗುವುದು ಕೇಳುವ ಮನೆಗಳಲ್ಲಿ ಬೆಳಗಿನ ಆರಕ್ಕೆ ಕವಿತೆ ಓದಿದರೆ ಸೊಸೈಟಿಯ ಸಭೆಯಲ್ಲಿ ಹೆಸರು ಬರುತ್ತದೆ. ಲೋಕಲ್ ರೈಲಿನ ಸದ್ದು ಇದಕ್ಕೆ ಒಳ್ಳೆಯ ಮರೆ. ಕಿಟಕಿಯ ಕಡೆ ಮುಖ ಮಾಡಿ ತುಟಿಯಾಡಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ಭಜನಾ ಮಂಡಳಿಯವರು ಹತ್ತುವ ಡಬ್ಬಿಯನ್ನು ಮಾತ್ರ ತಪ್ಪಿಸಿ, ಅವರ ತಾಳ ನಿಮ್ಮ ಕವಿತೆಯೊಳಗೆ ಸೇರಿಕೊಳ್ಳುತ್ತದೆ.

ಹಂತ 3: ಯಾರು, ಯಾರಿಗೆ, ಯಾವಾಗ

ಎರಡನೆಯ ದಿನ ಬಲ ಪುಟದ ಮೇಲ್ಭಾಗದಲ್ಲಿ ಮೂರು ಉತ್ತರಗಳನ್ನು ಬರೆಯಿರಿ: ಮಾತಾಡುತ್ತಿರುವವರು ಯಾರು, ಯಾರಿಗೆ ಹೇಳುತ್ತಿದ್ದಾರೆ, ಯಾವ ಹೊತ್ತಿನಲ್ಲಿ. "ಕವಿ" ಎಂದು ಬರೆದರೆ ತಪ್ಪು. ಕವಿತೆಯೊಳಗಿನ ದನಿ ಕವಿಯದೇ ಆಗಿರಬೇಕಿಲ್ಲ. ಗಂಡಸು ಬರೆದ ಕವಿತೆಯಲ್ಲಿ ಹೆಂಗಸು ಮಾತಾಡುತ್ತಿರಬಹುದು, ನಗರದವನು ಬರೆದದ್ದರಲ್ಲಿ ಕುರುಬನೊಬ್ಬ ಮಾತಾಡುತ್ತಿರಬಹುದು. ಕನ್ನಡದಲ್ಲಿ ಕ್ರಿಯಾಪದದ ತುದಿಯೇ ಇದನ್ನು ಬಿಟ್ಟುಕೊಡುತ್ತದೆ: 'ಬಂದೆ', 'ಬಂದಳು', 'ಬನ್ನಿ', 'ಬಾರೋ' ಎಂಬ ರೂಪಗಳು ಹೇಳುವವರನ್ನೂ ಕೇಳುವವರನ್ನೂ ಅವರ ನಡುವಿನ ಸಲಿಗೆಯನ್ನೂ ತೋರಿಸುತ್ತವೆ. ಆದ್ದರಿಂದ ಎಲ್ಲ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುವುದು ಈ ಹಂತದ ಮೊದಲ ಕೆಲಸ.

ಬಹಳ ಜನಕ್ಕೆ ಗೊತ್ತಿರುವ ಒಂದು ಬೀಸುವ ಕಲ್ಲಿನ ತ್ರಿಪದಿಯನ್ನೇ ತೆಗೆದುಕೊಳ್ಳೋಣ. ಅದರ ಪದಗಳು ಒಂದೊಂದು ಕಡೆ ಅಲ್ಪಸ್ವಲ್ಪ ಬೇರೆಯಾಗಿವೆ; ನಾವು ಗುಂಪಿನಲ್ಲಿ ಬಳಸುವುದು ಇದು:

ಬೆಳಗಾಗಿ ನಾನೆದ್ದು ಯಾರ್ಯಾರ ನೆನೆಯಲಿ
ಎಳ್ಳು ಜೀರಿಗೆ ಬೆಳೆಯೋಳ ಭೂಮಿತಾಯ
ಎದ್ದೊಂದು ಗಳಿಗೆ ನೆನೆದೇನು

ಕ್ರಿಯಾಪದಗಳಿಗೆ ಗೆರೆ ಎಳೆಯಿರಿ: ಬೆಳಗಾಗಿ, ಎದ್ದು, ನೆನೆಯಲಿ, ಬೆಳೆಯೋಳ, ಎದ್ದು, ನೆನೆದೇನು. ಏಳುವುದು ಎರಡು ಸಲ, ನೆನೆಯುವುದು ಎರಡು ಸಲ. ಮೊದಲ ಸಾಲಿನ 'ನೆನೆಯಲಿ' ಪ್ರಶ್ನೆ, ಕೊನೆಯ ಸಾಲಿನ 'ನೆನೆದೇನು' ಉತ್ತರ. ಆ ಉತ್ತರವೂ 'ನೆನೆಯುತ್ತೇನೆ' ಎಂಬಷ್ಟು ಗಟ್ಟಿಯಾಗಿಲ್ಲ. ವ್ಯಾಕರಣದಲ್ಲಿ ಇದನ್ನು ಸಂಭಾವನಾರ್ಥಕ ರೂಪ ಎನ್ನುತ್ತಾರೆ; 'ಮಾಡಿಯೇನು', 'ಬಂದೇನು' ಎನ್ನುವಾಗಿನ ಆ ಸಣ್ಣ ಅಳುಕು ಇಲ್ಲೂ ಇದೆ. ನೆನೆಯಲು ಇಷ್ಟವಿದೆ, ಹೊತ್ತು ಸಿಕ್ಕೀತೋ ಇಲ್ಲವೋ. ಹೊತ್ತು ಎಷ್ಟು? ಒಂದು ಗಳಿಗೆ, ಎಂದರೆ ಇಪ್ಪತ್ತನಾಲ್ಕು ನಿಮಿಷ. ಕಲ್ಲಿನ ಮುಂದೆ ಕುಳಿತು ಮಾತಾಡುತ್ತಿರುವವಳಿಗೆ ಕೆಲಸ ಕಾದಿದೆ, ಬಿಡುವು ಕಡಿಮೆ ಎಂಬುದು ಇಷ್ಟರಿಂದಲೇ ತಿಳಿಯಿತು; ಯಾರೂ ಹೇಳಬೇಕಾಗಲಿಲ್ಲ.

ಇನ್ನು ನಾಮಪದಗಳು. ಎದ್ದ ಕೂಡಲೇ ಯಾರನ್ನು ನೆನೆಯಲಿ ಎಂದು ಕೇಳಿದರೆ ಕಿವಿ ಒಂದು ದೇವರ ಹೆಸರನ್ನು ಕಾಯುತ್ತದೆ. ಬಂದದ್ದು ಎಳ್ಳು ಮತ್ತು ಜೀರಿಗೆ. ಹೊಟ್ಟೆ ತುಂಬಿಸುವ ಜೋಳವೋ ಭತ್ತವೋ ಅಲ್ಲ, ಚಿಟಿಕೆಯಲ್ಲಿ ಹಿಡಿಯುವ ಎರಡು ಕಾಳು. ಇಷ್ಟು ಸಣ್ಣದನ್ನೂ ಬೆಳೆಯುವವಳು ಎಂಬಲ್ಲಿಗೆ ಭೂಮಿ ದೊಡ್ಡದಾಗುತ್ತಾಳೆ. ನಮ್ಮ ಗುಂಪಿನ ಹೋಟೆಲಿನವರೊಬ್ಬರು ಇಲ್ಲಿ ತಡೆದು, "ಒಗ್ಗರಣೆಯವಳಿಗೇ ಹೊಳೆಯುವ ಮಾತು ಇದು, ಪೂಜಾರಿಗೆ ಹೊಳೆಯುವುದಿಲ್ಲ" ಎಂದರು. ಈ ಬಗೆಯ ಟಿಪ್ಪಣಿಯನ್ನೇ ಬಲ ಪುಟದಲ್ಲಿ ಬರೆಯಬೇಕು. ಭೂಮಿಯ ಮಹತ್ತ್ವ, ಜನಪದರ ಕೃತಜ್ಞತೆ ಎಂದು ಶುರುವಾಗುವ ವಾಕ್ಯಗಳನ್ನು ಈ ಹಂತದಲ್ಲಿ ಬರೆದಿದ್ದರೆ ಹೊಡೆದುಹಾಕಿ. ಅವು ಕವಿತೆಯಿಂದ ಬಂದವಲ್ಲ, ಶಾಲೆಯ ಪರೀಕ್ಷೆಯಿಂದ ಬಂದವು.

ಹಂತ 4: ಪದಗಳನ್ನು ಬಿಡಿಸುವುದು

ನಿಘಂಟು ತೆರೆಯುವುದು ಮೂರನೆಯ ದಿನ, ಅದಕ್ಕೆ ಮೊದಲು ಬೇಡ. ಗೊತ್ತಿಲ್ಲದ ಪದದ ಮೇಲೆ ಒಂದು ಚುಕ್ಕೆ ಇಟ್ಟು, ಸುತ್ತಲಿನ ಮಾತಿನಿಂದ ಒಂದು ಊಹೆ ಬರೆದು, ಆಮೇಲೆ ನಿಘಂಟಿನೊಂದಿಗೆ ಹೋಲಿಸಿ. ಊಹೆ ತಪ್ಪಿದ ಪದ ಜನ್ಮದಲ್ಲಿ ಮರೆಯುವುದಿಲ್ಲ.

ಮುಂಬಯಿಯ ಓದುಗನಿಗೆ ನಿಜವಾದ ಅಪಾಯವಿರುವುದು ಗೊತ್ತಿದೆಯೆಂದು ಭಾವಿಸಿದ ಪದಗಳಲ್ಲಿ. ಕನ್ನಡವೂ ಮರಾಠಿಯೂ ಸಂಸ್ಕೃತದಿಂದ ಪಡೆದ ಪದಗಳು ರೂಪದಲ್ಲಿ ಒಂದೇ ಇದ್ದು ಬಳಕೆಯಲ್ಲಿ ಬೇರೆಯಾಗಿವೆ. 'ಅನುಮಾನ' ಕನ್ನಡದಲ್ಲಿ ಸಾಮಾನ್ಯವಾಗಿ ಸಂಶಯ, ಮರಾಠಿಯಲ್ಲಿ ತರ್ಕದಿಂದ ಪಡೆದ ತೀರ್ಮಾನ. 'ಅಭ್ಯಾಸ' ಎಂದರೆ ಮರಾಠಿ ಶಾಲೆಯ ಮಗುವಿಗೆ ಓದು ಬರಹ, ನಮಗೆ ಮೊದಲು ನೆನಪಾಗುವುದು ರೂಢಿ. 'ಅವಕಾಶ' ಅಲ್ಲಿ ಬಿಡುವು, ಇಲ್ಲಿ ಸಂದರ್ಭ. ಇಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು "ಅವನ ಕಣ್ಣಲ್ಲಿ ಅನುಮಾನವಿತ್ತು" ಎಂಬ ಸಾಲನ್ನು ಓದಿ, ಅವನು ಲೆಕ್ಕ ಹಾಕುತ್ತಿದ್ದಾನೆ ಎಂದುಕೊಂಡು ಇಡೀ ಪ್ರೇಮಕವಿತೆಯನ್ನು ವ್ಯಾಪಾರದ ಕವಿತೆಯಾಗಿ ವಿವರಿಸಿದ್ದಳು. ಆಕೆಯ ವಿವರಣೆ ಸ್ವಾರಸ್ಯವಾಗಿಯೇ ಇತ್ತೆಂದು ಒಪ್ಪಿಕೊಳ್ಳಬೇಕು. ಹೀಗಾಗಿ ಮರಾಠಿಯಲ್ಲೂ ಇರುವ ಪ್ರತಿ ಪದಕ್ಕೆ ಒಂದು ಚುಕ್ಕೆ ಹೆಚ್ಚಿಗೆ ಇಡಿ.

ಪ್ರಾದೇಶಿಕ ರೂಪಗಳಿಗೆ ನಿಘಂಟಿಗಿಂತ ಮನುಷ್ಯರು ಉತ್ತಮ. ಕರಾವಳಿಯಿಂದ ಬಂದವರಿಗೆ ಧಾರವಾಡದ 'ಹ್ಯಾಂಗ', 'ಬಂದಾಂವ' ಕಣ್ಣಿಗೆ ಕಲ್ಲಿನಂತೆ ಸಿಗುತ್ತವೆ. ಹುಬ್ಬಳ್ಳಿಯವರ ಬಾಯಲ್ಲಿ ಒಮ್ಮೆ ಕೇಳಿದರೆ ಎಲ್ಲ ಸಲೀಸು. ಈ ನಗರದಲ್ಲಿ ಎಲ್ಲ ಜಿಲ್ಲೆಯ ಕನ್ನಡವೂ ಒಂದೇ ರೈಲ್ವೆ ಮಾರ್ಗದ ಮೇಲೆ ಸಿಗುತ್ತದೆ, ಬೆಂಗಳೂರಿನವರಿಗೂ ಅಷ್ಟು ಸುಲಭವಾಗಿ ಸಿಗಲಾರದು. ಪರಿಚಯದವರಿಂದ ಕವಿತೆಯನ್ನು ಓದಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಅವರು ಎಲ್ಲಿ ನಕ್ಕರು ಎಂಬುದನ್ನೂ ಗುರುತು ಮಾಡಿಕೊಳ್ಳಿ.

ಹಂತ 5: ಲಯವನ್ನು ಬೆರಳಿಗೆ ತರುವುದು

ನಾಲ್ಕನೆಯ ದಿನದ ಈ ಕೆಲಸಕ್ಕೆ ಜನ ಹೆದರುತ್ತಾರೆ, ಶಾಲೆಯಲ್ಲಿ ಪ್ರಸ್ತಾರ (ಸಾಲಿನ ಅಕ್ಷರಗಳನ್ನು ಅಳೆದು ಗುರುತು ಹಾಕುವುದು) ಹಾಕಿಸಿ ಅಂಕ ಕಳೆದ ನೆನಪಿರುವುದರಿಂದ. ಬೇಕಾದ ನಿಯಮ ಬಹಳ ಕಡಿಮೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ (ಉಚ್ಚರಿಸುವ ಹೊತ್ತಿನ ಅಳತೆ), ದೀರ್ಘಾಕ್ಷರಕ್ಕೆ ಎರಡು. ಹ್ರಸ್ವವಾದರೂ ಮುಂದೆ ಒತ್ತಕ್ಷರವಿದ್ದರೆ, ಅಥವಾ ಜೊತೆಗೆ ಸೊನ್ನೆಯೋ ವಿಸರ್ಗವೋ ಸ್ವರವಿಲ್ಲದ ವ್ಯಂಜನವೋ ಇದ್ದರೆ ಅದಕ್ಕೂ ಎರಡು. ಒಂದು ಮಾತ್ರೆಯದು ಲಘು, ಎರಡು ಮಾತ್ರೆಯದು ಗುರು.

ಸ್ಟೇಷನ್ನುಗಳ ಹೆಸರಿನಲ್ಲಿ ಅಭ್ಯಾಸ ಮಾಡಿ. ಥಾಣೆ: ಎರಡು, ಒಂದು, ಒಟ್ಟು ಮೂರು. ಮುಂಬಯಿ: ಎರಡು, ಒಂದು, ಒಂದು, ಒಟ್ಟು ನಾಲ್ಕು. ಕಲ್ಯಾಣ: 'ಲ್ಯಾ' ಮುಂದಿರುವುದರಿಂದ 'ಕ'ಗೆ ಎರಡು, 'ಲ್ಯಾ'ಗೆ ಎರಡು, 'ಣ'ಕ್ಕೆ ಒಂದು, ಒಟ್ಟು ಐದು. ಈಗ ಮಧ್ಯ ರೈಲ್ವೆಯ ಮೂರು ಹೆಸರುಗಳನ್ನು, ಕೊನೆಯ ವ್ಯಂಜನಗಳಿಗೆ ಕನ್ನಡದ ರೀತಿಯಲ್ಲಿ ಸ್ವರ ಕೊಟ್ಟು, ಒಂದೇ ಸಾಲಿನಲ್ಲಿ ಹೇಳಿ:

ಘಾಟ / ಕೋಪರ / ಥಾಣೆ / ದಾದರ

ಮೂರು, ನಾಲ್ಕು, ಮೂರು, ನಾಲ್ಕು. ಮೇಜಿನ ಮೇಲೆ ಬೆರಳಿನಿಂದ ಬಡಿದು ನಾಲ್ಕು ಸಲ ಹೇಳಿದ ಮೇಲೆ, ಬಡಿಯುವುದನ್ನು ನಿಲ್ಲಿಸದೆ, ಇದನ್ನು ಹೇಳಿ:

ಶ್ರೀವ / ನಿತೆಯರ / ಸನೆವಿ / ಮಲರಾ

ಅದೇ ಮೂರು, ನಾಲ್ಕು, ಮೂರು, ನಾಲ್ಕು. ಇದು ಭಾಮಿನಿ ಷಟ್ಪದಿ. ಆರು ಸಾಲಿನಲ್ಲಿ ಒಂದು, ಎರಡು, ನಾಲ್ಕು, ಐದನೆಯವು ಹೀಗೆ ಹದಿನಾಲ್ಕು ಮಾತ್ರೆಯವು. ಮೂರು ಮತ್ತು ಆರನೆಯವು ಇದೇ ನಡೆಯನ್ನು ಮೂರು ಸಲ ತಿರುಗಿಸಿ ಕೊನೆಗೆ ಒಂದು ಗುರುವಿನ ಮೇಲೆ ಕೂರುತ್ತವೆ, ಅಲ್ಲಿಗೆ ಇಪ್ಪತ್ತಮೂರು. ಆ ಜಾಗದಲ್ಲಿ ಲಘುವಿದ್ದರೂ ಗುರುವೆಂದೇ ಎಣಿಸುವುದು ರೂಢಿ. ಲೆಕ್ಕಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ: ಪದ ಮುಗಿಯುವ ಜಾಗವೂ ಗಣ (ಮೇಲೆ ಓರೆಗೆರೆಯಿಂದ ಬೇರ್ಪಡಿಸಿದ ಮಾತ್ರೆಗಳ ಗುಂಪು) ಮುಗಿಯುವ ಜಾಗವೂ ಒಂದೇ ಅಲ್ಲ. 'ಶ್ರೀವನಿತೆ' ಎಂಬ ಪದ ಮೊದಲ ಗಣವನ್ನು ದಾಟಿ ಎರಡನೆಯದರೊಳಗೆ ಹೋಗಿದೆ, 'ಅರಸನೆ' ಎರಡರಲ್ಲಿ ಹಂಚಿಕೊಂಡಿದೆ. ಹಾಗಾಗಿಯೇ ಆ ಪದ್ಯ ಕವಾಯತಿನಂತೆ ಕೇಳಿಸದೆ ಹರಿಯುತ್ತದೆ; ನನ್ನ ಸ್ಟೇಷನ್ನುಗಳ ಸಾಲಿನಲ್ಲಿ 'ಘಾಟಕೋಪರ' ಒಂದನ್ನು ಬಿಟ್ಟರೆ ಪದವೂ ಗಣವೂ ಒಟ್ಟಿಗೆ ಮುಗಿದು ಟಕ್ ಟಕ್ ಎನ್ನುತ್ತದೆ. ನೀವು ಆರಿಸಿದ ಕವಿತೆಯಲ್ಲೂ ಇದನ್ನೇ ಹುಡುಕಿ: ನಡೆ ಎಲ್ಲಿ ಪದದೊಂದಿಗೆ ಹೆಜ್ಜೆ ಹಾಕುತ್ತದೆ, ಎಲ್ಲಿ ತಪ್ಪಿಸಿಕೊಳ್ಳುತ್ತದೆ.

ಇಲ್ಲಿ ಎರಡು ತಪ್ಪುಗಳು ಪದೇ ಪದೇ ಆಗುತ್ತವೆ. ಮೊದಲನೆಯದು, ತ್ರಿಪದಿಗೂ ನಾಲ್ಕು ಸಾಲಿನ ಸಾಂಗತ್ಯಕ್ಕೂ ಮಾತ್ರೆ ಎಣಿಸಲು ಹೊರಡುವುದು. ಅವು ಅಂಶಗಣದ, ಎಂದರೆ ಮಾತ್ರೆಯ ಲೆಕ್ಕಕ್ಕೆ ಕಟ್ಟುಬೀಳದ ಗಣಗಳ ಛಂದಸ್ಸುಗಳು, ಹಾಡುವ ಬಾಯಿಗೆ ತಕ್ಕಂತೆ ಹಿಗ್ಗುತ್ತವೆ, ಕುಗ್ಗುತ್ತವೆ; ಮೇಲಿನ ಬೀಸುವ ಪದವನ್ನು ಮಾತ್ರೆಯಲ್ಲಿ ಅಳೆದರೆ ಲೆಕ್ಕ ಕೂಡುವುದಿಲ್ಲ, ತಪ್ಪು ನಿಮ್ಮದೂ ಅಲ್ಲ, ಪದದ್ದೂ ಅಲ್ಲ. ಎರಡನೆಯದು, ಛಂದಸ್ಸಿಲ್ಲದ ಹೊಸ ಕವಿತೆಗೆ ಲಯವೇ ಇಲ್ಲವೆಂದು ಈ ಹಂತವನ್ನೇ ಬಿಡುವುದು. ಅಂಥ ಕವಿತೆಯಲ್ಲಿ ಎರಡನೆಯ ಹಂತದ ಓರೆಗೆರೆಗಳನ್ನು ಮತ್ತೆ ನೋಡಿ. ಯಾವ ಸಾಲು ಉಸಿರನ್ನು ಉದ್ದಕ್ಕೆ ಎಳೆಯುತ್ತದೆ, ಯಾವುದು ಒಂದೇ ಪದದಲ್ಲಿ ನಿಲ್ಲಿಸುತ್ತದೆ ಎಂದು ಅಂಚಿನಲ್ಲಿ ಬರೆಯಿರಿ.

ಹಂತ 6: ಈಗ ಅರ್ಥ

ಐದನೆಯ ದಿನ ಕವಿತೆಯ ಸಾರವನ್ನು ನಿಮ್ಮದೇ ಮಾತಿನಲ್ಲಿ ಎರಡು ವಾಕ್ಯಗಳಲ್ಲಿ ಬರೆಯಿರಿ. ಬರೆದ ಮೇಲೆ ಕವಿತೆಯನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿ, ನಿಮ್ಮ ವಾಕ್ಯಗಳಲ್ಲಿ ಸೇರದೆ ಹೊರಗೆ ಉಳಿದದ್ದನ್ನು ಪಟ್ಟಿ ಮಾಡಿ. ಕವಿತೆಯನ್ನು ಸವಿಯುವುದು ಎಂದು ನಾವು ಹೇಳುವ ಕೆಲಸ ಆ ಪಟ್ಟಿಯಲ್ಲಿ ನಡೆಯುತ್ತದೆ, ಸಾರದಲ್ಲಿ ನಡೆಯುವುದಿಲ್ಲ. ಮಾದರಿಗಾಗಿ ನಾನೇ ಕಟ್ಟಿದ ಮೂರು ಸಾಲು ಕೊಡುತ್ತೇನೆ, ಬೇರೆಯವರ ಕವಿತೆಯನ್ನು ಕೊಯ್ದು ತೋರಿಸುವುದಕ್ಕಿಂತ ಇದು ಕ್ಷೇಮ:

ಮಳೆ ನಿಂತಿತೆಂದು ಕಿಟಕಿ ತೆರೆದೆ
ನಿಂತದ್ದು ಮಳೆ
ಹನಿಯಲ್ಲ

ಸಾರ: ಮಳೆ ನಿಂತ ಮೇಲೂ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹೊರಗೆ ಉಳಿದದ್ದು: 'ನಿಂತ' ಎಂಬುದು ಎರಡು ಸಲ ಬಂದದ್ದು, ಎರಡನೆಯ ಸಾಲನ್ನು ಓದಿ ನಿಂತ ಕ್ಷಣದಲ್ಲಿ, ನಿಂತದ್ದು ಮಳೆ ಎಂದರೆ ಎದುರಿಗೇ ಮಳೆ ನಿಂತುಕೊಂಡಿದೆ ಎಂಬ ಇನ್ನೊಂದು ಅರ್ಥ ಮಿಂಚಿ, ಮೂರನೆಯ ಸಾಲು ಬಂದೊಡನೆ ಅದು ಮಾಯವಾದದ್ದು, "ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ" ಎಂಬ ಗಾದೆ ಹಿಂದೆಲ್ಲೋ ಕೇಳಿಸಿದ್ದು. ಗಾದೆ ಗೊತ್ತಿದ್ದವರಿಗೆ ಮುಗಿಯದೆ ಉಳಿದ ಯಾವುದೋ ಜಗಳದ ನೆನಪಾಗುತ್ತದೆ, ಗೊತ್ತಿಲ್ಲದವರಿಗೆ ಒಂದು ಜುಲೈ ತಿಂಗಳ ಕಿಟಕಿ ಮಾತ್ರ ಕಾಣುತ್ತದೆ. ಎರಡೂ ಓದುಗಳಿಗೆ ಸಾಲುಗಳಲ್ಲಿ ಆಧಾರವಿದೆ. ಮಳೆ ಎಂದರೆ ಸಮಾಜ, ಕಿಟಕಿ ಎಂದರೆ ಆತ್ಮ ಎಂದು ಯಾರಾದರೂ ಹೊರಟರೆ, ಯಾವ ಪದ ಹಾಗೆ ಹೇಳಿತು ಎಂದು ಕೇಳಿ. ಪದವನ್ನು ಬೆರಳಿಟ್ಟು ತೋರಿಸಲಾಗದ ಅರ್ಥವನ್ನು ನೋಟುಪುಸ್ತಕಕ್ಕೆ ಸೇರಿಸಬೇಡಿ.

ವಿಮರ್ಶೆ, ಮುನ್ನುಡಿ, ಕವಿಯ ಜೀವನಚರಿತ್ರೆ ಇವನ್ನು ಓದುವುದಿದ್ದರೆ ಈಗ ಓದಿ. ಮುನ್ನುಡಿಯನ್ನು ಮೊದಲೇ ಓದಿದವರು ಕವಿತೆಯಲ್ಲಿ ಮುನ್ನುಡಿಯನ್ನೇ ಹುಡುಕುತ್ತಾರೆ.

ಹಂತ 7: ಇನ್ನೊಬ್ಬರೆದುರು ಓದುವುದು

ಆರನೆಯ ದಿನ ಕವಿತೆಯನ್ನು ಒಬ್ಬರಿಗೆ ಓದಿ ಹೇಳಿ. ವಿವರಿಸಬೇಡಿ, ಓದಿ ಸುಮ್ಮನಾಗಿ. ಅವರು ಕೇಳುವ ಮೊದಲ ಪ್ರಶ್ನೆ ನಿಮಗೆ ಹೊಳೆಯದ ಸಾಲನ್ನು ತೋರಿಸುತ್ತದೆ. ಕವಿಗೋಷ್ಠಿಗಳು ಇದಕ್ಕೆ ಬದಲಿಯಾಗಲಾರವು. ಇಪ್ಪತ್ತು ಕವಿಗಳು ತಲಾ ಮೂರು ನಿಮಿಷ ಓದುವ ವೇದಿಕೆಯಲ್ಲಿ ಯಾವ ಕವಿತೆಯೂ ಎರಡನೆಯ ಸಲ ಕೇಳಿಸುವುದಿಲ್ಲ. ಅಲ್ಲಿಗೆ ಹೋಗಿ, ಕಿವಿಗೆ ಹಿಡಿಸಿದ ಒಂದು ಹೆಸರನ್ನು ಬರೆದುಕೊಂಡು ಬನ್ನಿ, ಅಷ್ಟು ಸಾಕು.

ಏಳನೆಯ ದಿನ ಪುಸ್ತಕ ಮುಚ್ಚಿ ಬಾಯಿಪಾಠವಾಗಿ ಹೇಳಲು ನೋಡಿ. ಎಲ್ಲಿ ತಡವರಿಸಿದಿರಿ ಅಲ್ಲಿ ನೀವು ಬಹುಶಃ ಒಂದು ಪದವನ್ನು ಸುಲಭದ ಪದದಿಂದ ಬದಲಿಸಿರುತ್ತೀರಿ. ಕವಿ ಆ ಸುಲಭದ ಪದವನ್ನು ಏಕೆ ಬಳಸಲಿಲ್ಲ ಎಂದು ಕೇಳಿಕೊಂಡರೆ ವಾರದ ಕೆಲಸ ಮುಗಿಯಿತು.

ಹಂತ 8: ಒಂದು ಕವಿತೆಯಿಂದ ಒಬ್ಬ ಕವಿಗೆ

ಹತ್ತು ಹನ್ನೆರಡು ಬಿಡಿ ಕವಿತೆಗಳಾದ ಮೇಲೆ, ಯಾರ ಸಾಲು ತಾನಾಗಿ ಬಾಯಿಗೆ ಬರುತ್ತಿದೆಯೋ ಆ ಕವಿಯ ಒಂದು ಸಂಕಲನವನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಸಂಕಲನದ ಅನುಕ್ರಮವನ್ನು ಮುರಿಯಬೇಡಿ. ಈ ಊರಿನಲ್ಲಿ ಬದುಕಿ ಬರೆದ ಅರವಿಂದ ನಾಡಕರ್ಣಿ, ಬಿ. ಎ. ಸನದಿ, ಜಯಂತ ಕಾಯ್ಕಿಣಿ ಇವರಲ್ಲಿ ಒಬ್ಬರಿಂದ ಹೊರಟರೆ ಮುಂಬಯಿಯ ಓದುಗನಿಗೆ ಪರಿಸರದ ವಿವರಣೆ ಬೇಕಾಗುವುದಿಲ್ಲ, ಎಲ್ಲ ಗಮನವೂ ಮಾತಿನ ಮೇಲೆ ಉಳಿಯುತ್ತದೆ.

ದಾರಿ ತಪ್ಪಿದ ಗುರುತುಗಳು

ಒಂದೇ ವಾರದಲ್ಲಿ ಮೂರು ಕವಿತೆ ಮುಗಿಸಿದ್ದರೆ ನೀವು ಮತ್ತೆ ಪತ್ರಿಕೆ ಓದುತ್ತಿದ್ದೀರಿ. ಬಲ ಪುಟದಲ್ಲಿ 'ಅದ್ಭುತ', 'ಮನಮುಟ್ಟುವ', 'ಅನನ್ಯ' ಎಂಬ ಪದಗಳಿದ್ದರೆ ಅವು ಯಾವ ಸಾಲಿನ ಯಾವ ಪದಕ್ಕೆ ಸಂಬಂಧ ಎಂದು ಬರೆಯಿರಿ, ಬರೆಯಲಾಗದಿದ್ದರೆ ಅಳಿಸಿ. ಎಲ್ಲ ಕವಿತೆಗಳಿಂದಲೂ ಒಂದೇ ನೀತಿ ಹೊರಡುತ್ತಿದ್ದರೆ ಆ ನೀತಿ ನಿಮ್ಮದು. ಕವಿತೆ ಓದಿ ನಿದ್ದೆ ಬರುತ್ತಿದ್ದರೆ ಬಹುಮಟ್ಟಿಗೆ ಬಾಯಿ ಮುಚ್ಚಿ ಓದುತ್ತಿದ್ದೀರಿ, ಎರಡನೆಯ ಹಂತಕ್ಕೆ ಹಿಂದಿರುಗಿ.

ಏಳು ದಿನ ಪ್ರಾಮಾಣಿಕವಾಗಿ ಓದಿದ ಮೇಲೂ ಕವಿತೆ ಬಾಯಿ ಬಿಡದಿದ್ದರೆ ಎಂಟನೆಯ ದಿನ ಅದರ ಮೇಲೆ ಕೂರಬೇಡಿ. ಪುಟದ ಮೂಲೆಯಲ್ಲಿ ತಾರೀಕು ಬರೆದು ಮುಂದಕ್ಕೆ ಹೋಗಿ. ನನ್ನ ನೋಟುಪುಸ್ತಕದಲ್ಲಿ ಹೀಗೆ ತಾರೀಕು ಹಾಕಿದ ಒಂಬತ್ತು ಕವಿತೆಗಳಿವೆ. ಪ್ರತಿ ವರ್ಷ ಮಳೆಗಾಲದಲ್ಲಿ, ರೈಲು ನಿಂತು ಮನೆಯಲ್ಲೇ ಉಳಿಯುವ ದಿನಗಳಲ್ಲಿ, ಅವನ್ನು ತೆಗೆಯುತ್ತೇನೆ. ಹಾಗೆ ಮರಳಿ ಓದುವಾಗ ಹಳೆಯ ಗುರುತುಗಳನ್ನು ಅಳಿಸದೆ, ಬೇರೆ ಬಣ್ಣದ ಪೆನ್ಸಿಲಿನಿಂದ ಹೊಸ ಗುರುತುಗಳನ್ನು ಹಾಕಿ.